ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜು: ಇಂಗ್ಲಿಷ್, ಗಣಿತದಲ್ಲಿ ಯಾವ ಕ್ಲಾಸಿಗೆ ಹಾಕುತ್ತಾರೆ, ಹೇಗೆ?

ಬೇ ಏರಿಯಾ ಓದುಗ

ಎರಡು ಪ್ರಕರಣ ಇಡುತ್ತೇನೆ, ತಿಳಿದವರು ದಯವಿಟ್ಟು ದಾರಿ ಹೇಳಿ.

ಒಂದು: ಫ್ರೀಮಾಂಟ್ ಕಡೆಯ ಹೈಸ್ಕೂಲಿನಲ್ಲಿ 12ನೇ ತರಗತಿ ಮುಗಿಸುತ್ತಿರುವ ಹುಡುಗಿ. 11ನೇ ತರಗತಿಯ ಕೊನೆಗೆ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ, 4ಕ್ಕೆ) 2.7. ಆಲ್ಜಿಬ್ರಾ 2ರಲ್ಲಿ ಸಿ ಬಂದಿದೆ, ಪ್ರಿಕ್ಯಾಲ್ಕುಲಸ್ ತೆಗೆದುಕೊಂಡಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಮೇಲೆ ವಿಶ್ವವಿದ್ಯಾಲಯದ ಬಿಸಿನೆಸ್ ಪದವಿಗೆ ಟ್ರಾನ್ಸ್‌ಫರ್ ಆಗಬೇಕೆಂಬ ಯೋಚನೆ.

ಎರಡು: 2011ರಲ್ಲಿ ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ, ಪಿಸಿಎಂಬಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈಗ ಎಚ್-4 ವೀಸಾದಲ್ಲಿ ಇಲ್ಲಿದ್ದಾರೆ, ನರ್ಸಿಂಗ್ ಓದುವ ಆಸೆ.

ಇಬ್ಬರಿಗೂ ಪ್ಲೇಸ್‌ಮೆಂಟ್ ಟೆಸ್ಟ್, ಅಂದರೆ ಯಾವ ಮಟ್ಟದ ಕ್ಲಾಸಿಗೆ ಹಾಕಬೇಕೆಂದು ನಿರ್ಧರಿಸುವ ಪರೀಕ್ಷೆ, ಇರುತ್ತದೆಯೇ? ಅದಕ್ಕೆ ಓದಿಕೊಳ್ಳಬೇಕೇ? ಕೆಳಗಿನ ಕ್ಲಾಸಿಗೆ ಹಾಕಿಬಿಟ್ಟರೆ ಒಂದು ವರ್ಷ ಹೋಗುತ್ತದಲ್ಲ ಎನ್ನುವುದೇ ಚಿಂತೆ.

ಕೌನ್ಸೆಲಿಂಗ್ ಮೇಜು

ಮೊದಲು ಟೆಸ್ಟಿನ ಭಯ ಬಿಡಿ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಇಂಗ್ಲಿಷ್, ಗಣಿತಕ್ಕೆ ಆ ಹಳೆಯ ಕಂಪ್ಯೂಟರ್ ಪರೀಕ್ಷೆ ಈಗಿಲ್ಲ. ಮುಂಚೆ ಅಕ್ಯುಪ್ಲೇಸರ್, ಕಂಪಾಸ್ ಎಂಬ ಪರೀಕ್ಷೆಗಳಿದ್ದವು. ಒಂದು ಬೆಳಿಗ್ಗೆ ಹೋಗಿ ಗಂಟೆ ಎರಡು ಗಂಟೆ ಕೂತು ಬರೆದರೆ ಸಾಕು, ಮುಂದಿನ ಎರಡು ವರ್ಷ ಅಲ್ಲೇ ನಿರ್ಧಾರವಾಗಿಬಿಡುತ್ತಿತ್ತು. ಕಂಪಾಸನ್ನು ಅದನ್ನು ತಯಾರಿಸಿದ ಎಸಿಟಿ ಸಂಸ್ಥೆಯೇ 2016ರಲ್ಲಿ ನಿಲ್ಲಿಸಿತು. 2017ರ ಅಕ್ಟೋಬರಿನಲ್ಲಿ ಎಬಿ 705 ಕಾನೂನಿಗೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು, 2019ರ ಫಾಲ್‌ನಿಂದ, ಅಂದರೆ ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮೆಸ್ಟರಿನಿಂದ, ಎಲ್ಲ ಕಾಲೇಜುಗಳಲ್ಲೂ ಪೂರ್ತಿ ಜಾರಿಗೆ ಬಂತು.

ಕಾನೂನಿನ ತಿರುಳು ಹೀಗಿದೆ. ವಿದ್ಯಾರ್ಥಿ ಒಂದು ವರ್ಷದೊಳಗೆ ಟ್ರಾನ್ಸ್‌ಫರ್ ಲೆವೆಲ್ (ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿಯೂ ಲೆಕ್ಕಕ್ಕೆ ಬರುವ ಮಟ್ಟದ) ಇಂಗ್ಲಿಷ್ ಮತ್ತು ಗಣಿತಕ್ಕೆ ಸೇರಿ ಮುಗಿಸುವ ಸಾಧ್ಯತೆ ಎಲ್ಲಿಂದ ಶುರುಮಾಡಿದರೆ ಅತಿ ಹೆಚ್ಚೋ ಅಲ್ಲಿಂದಲೇ ಶುರುಮಾಡಿಸಬೇಕು. ನಿರ್ಧಾರಕ್ಕೆ ಹೈಸ್ಕೂಲಿನ ಜಿಪಿಎ, ತೆಗೆದುಕೊಂಡ ವಿಷಯಗಳು, ಬಂದ ಗ್ರೇಡು ಇವನ್ನು ನೋಡಬೇಕು. ಕೆಳಗಿನ ಕ್ಲಾಸಿಗೆ ಹಾಕಬೇಕೆಂದರೆ ಎರಡು ಮಾತು ಕಾಲೇಜೇ ತೋರಿಸಬೇಕು: ನೇರ ಹಾಕಿದರೆ ಈ ವಿದ್ಯಾರ್ಥಿ ಪಾಸಾಗುವ ಸಾಧ್ಯತೆ ತೀರಾ ಕಡಿಮೆ ಎನ್ನುವುದು, ಕೆಳಗೆ ಹಾಕಿದರೆ ಆ ಸಾಧ್ಯತೆ ನಿಜಕ್ಕೂ ಹೆಚ್ಚುತ್ತದೆ ಎನ್ನುವುದು. ಒಂದನ್ನಷ್ಟೇ ತೋರಿಸಿದರೆ ಸಾಲದು.

ಈಗ ನಿಮ್ಮ ಮೊದಲ ಪ್ರಕರಣಕ್ಕೆ ಬರೋಣ. 2018ರಲ್ಲಿ ಕಮ್ಯುನಿಟಿ ಕಾಲೇಜುಗಳ ಚಾನ್ಸಲರ್ ಕಚೇರಿ ಹೊರಡಿಸಿದ ಡೀಫಾಲ್ಟ್ ನಿಯಮದಲ್ಲಿ ಹೀಗಿದೆ:

ಇಂಗ್ಲಿಷ್: ಜಿಪಿಎ 2.6 ಅಥವಾ ಹೆಚ್ಚಿದ್ದರೆ ನೇರ ಟ್ರಾನ್ಸ್‌ಫರ್ ಲೆವೆಲ್, ಸಪೋರ್ಟ್ ಕ್ಲಾಸ್ ಬೇಕಿಲ್ಲ. 1.9ರಿಂದ 2.6ರವರೆಗೆ ಅದೇ ಕ್ಲಾಸು, ಜತೆಗೆ ಸಪೋರ್ಟ್ ತೆಗೆದುಕೊಳ್ಳಿ ಎಂಬ ಸಲಹೆ. 1.9ಕ್ಕಿಂತ ಕಡಿಮೆಯಾದರೂ ಅದೇ ಕ್ಲಾಸು, ಆದರೆ ಸಪೋರ್ಟ್ ಬೇಕೇ ಬೇಕು ಎಂಬಷ್ಟು ಬಲವಾದ ಸಲಹೆ.

ಸ್ಟಾಟಿಸ್ಟಿಕ್ಸ್ ದಾರಿಯ ಗಣಿತ: 3.0 ಮತ್ತು ಮೇಲೆ ನೇರ, 2.3ರಿಂದ 2.9 ಸಪೋರ್ಟ್ ಸಲಹೆ, ಅದಕ್ಕಿಂತ ಕೆಳಗೆ ಬಲವಾದ ಸಲಹೆ.

ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್ ದಾರಿಯ ಗಣಿತ: 3.4 ಮತ್ತು ಮೇಲೆ, ಇಲ್ಲವೇ 2.6 ಇದ್ದು ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಕ್ಲಾಸಿಗೆ ಸೇರಿದ್ದರೆ ನೇರ. 2.6 ಇದ್ದರೆ, ಅಥವಾ ಪ್ರಿಕ್ಯಾಲ್ಕುಲಸ್‌ಗೆ ಸೇರಿದ್ದರೆ ಮಧ್ಯದ ಗುಂಪು, ಅಂದರೆ ಸಪೋರ್ಟ್ ಸಲಹೆ.

ಅಂದರೆ 2.7 ಇರುವ ಆ ಹುಡುಗಿಗೆ ಇಂಗ್ಲಿಷ್ ನೇರ. ಸ್ಟಾಟಿಸ್ಟಿಕ್ಸ್ ಆದರೆ ನೇರ, ಜತೆಗೆ ಸಪೋರ್ಟ್ ಸಲಹೆ. ಬಿಸಿನೆಸ್ ದಾರಿಯ ಗಣಿತವಾದರೂ ಮಧ್ಯದ ಗುಂಪು, ಅದೇ ಸಪೋರ್ಟ್ ಸಲಹೆ. ಮೂರು ದಾರಿಯಲ್ಲಿ ಯಾವುದರಲ್ಲೂ ಒಂದು ವರ್ಷ ಹಿಂದಕ್ಕೆ ತಳ್ಳುವ ಮಾತೇ ಇಲ್ಲ.

ಸೀಮೆಯಾಚೆ

ಜಿಪಿಎ ವೆಯ್ಟೆಡ್ಡೋ ಅನ್‌ವೆಯ್ಟೆಡ್ಡೋ? ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡೂ ಇರುತ್ತವೆ.

ಕೌನ್ಸೆಲಿಂಗ್ ಮೇಜು

ಅನ್‌ವೆಯ್ಟೆಡ್, ಅಂದರೆ 4.0ಕ್ಕೆ ಮೇಲೆ ಹೋಗದ ಅಂಕಿ. ಹೈಸ್ಕೂಲಿನಿಂದ ನೇರ ಬರುವವರಿಗೆ 11ನೇ ತರಗತಿಯ ಕೊನೆಯವರೆಗಿನ ಒಟ್ಟು ಜಿಪಿಎ. ಅರ್ಜಿ ಹಾಕುವುದು ಸಿಸಿಸಿ ಅಪ್ಲೈ ಎಂಬ ಆನ್‌ಲೈನ್ ತಾಣದಲ್ಲಿ, ಅಲ್ಲಿ ಹೈಸ್ಕೂಲ್ ಮಾಹಿತಿ ಕೇಳುವ ಪುಟವಿದೆ. ಆಮೇಲೆ ತುಂಬಿದರಾಯಿತು ಎಂದು ಅದನ್ನು ಖಾಲಿ ಬಿಡುವವರೇ ಹೆಚ್ಚು. ಖಾಲಿ ಬಿಟ್ಟರೆ ಸಿಸ್ಟಮ್ಮಿಗೆ ನಿಮ್ಮ ಬಗ್ಗೆ ಏನೂ ಗೊತ್ತಿರುವುದಿಲ್ಲ, ರಿಜಿಸ್ಟ್ರೇಷನ್ ದಿನ ಕ್ಲಾಸಿಗೆ ಸೇರಲು ಹೋದಾಗ ಪ್ಲೇಸ್‌ಮೆಂಟ್ ಇಲ್ಲ ಎಂದು ತಡೆ ಬೀಳುತ್ತದೆ. ವಿದ್ಯಾರ್ಥಿ ತಾನೇ ತುಂಬಿದ ಮಾಹಿತಿಯನ್ನೂ ಕಾಲೇಜುಗಳು ಒಪ್ಪುತ್ತವೆ. ಹಾಗಾಗಿ ಟ್ರಾನ್ಸ್‌ಕ್ರಿಪ್ಟ್ ಮುಂದಿಟ್ಟುಕೊಂಡು ನೋಡಿ ತುಂಬಿ, ನೆನಪಿನಿಂದ ಬೇಡ.

ಇನ್ನೊಂದು ಸೂಕ್ಷ್ಮ. ಡೀಫಾಲ್ಟ್ ನಿಯಮದಲ್ಲಿ ಕ್ಯಾಲ್ಕುಲಸ್‌ಗೆ 'ಸೇರಿದ್ದರೆ' ಎಂದಿದೆ, 'ಪಾಸಾಗಿದ್ದರೆ' ಎಂದಿಲ್ಲ. 12ನೇ ತರಗತಿಯಲ್ಲಿ ಆ ಕ್ಲಾಸಿನಲ್ಲಿ ಕೂತಿದ್ದರೆ ಅರ್ಜಿಯಲ್ಲಿ ಬರೆಯಲು ಮರೆಯಬೇಡಿ.

ಲೆಕ್ಕದ ಮೇಷ್ಟ್ರು

ಟೆಸ್ಟ್ ಯಾಕೆ ತೆಗೆದರು ಎನ್ನುವುದು ಗೊತ್ತಿದ್ದರೆ ಪೋಷಕರು ತಾವಾಗಿಯೇ 'ಮಗುವಿಗೆ ಬೇಸಿಕ್ ಕ್ಲಾಸೇ ಕೊಡಿ' ಎಂದು ಕೇಳುವುದು ಕಡಿಮೆಯಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೂರು ಮೆಟ್ಟಿಲಿನ ಗಣಿತ ಸರಣಿ ತೆಗೆದುಕೊಳ್ಳಿ: ಎಲಿಮೆಂಟರಿ ಆಲ್ಜಿಬ್ರಾ, ಇಂಟರ್‌ಮೀಡಿಯೆಟ್ ಆಲ್ಜಿಬ್ರಾ, ಆಮೇಲೆ ಟ್ರಾನ್ಸ್‌ಫರ್ ಲೆವೆಲ್. ಪ್ರತಿ ಕ್ಲಾಸಿನಲ್ಲೂ 70 ಶೇಕಡಾ ಪಾಸು, ಪಾಸಾದವರಲ್ಲಿ 80 ಶೇಕಡಾ ಮುಂದಿನ ಕ್ಲಾಸಿಗೆ ಸೇರುತ್ತಾರೆ ಎಂದಿಟ್ಟುಕೊಳ್ಳೋಣ. ಎರಡೂ ಒಳ್ಳೆಯ ಅಂಕಿಗಳೇ. 100 ಜನ ಶುರುಮಾಡಿದರೆ 70 ಪಾಸು. ಅದರಲ್ಲಿ 56 ಜನ ಮುಂದಕ್ಕೆ ಸೇರುತ್ತಾರೆ. 39 ಪಾಸು. 31 ಜನ ಮೂರನೆಯದಕ್ಕೆ ಸೇರುತ್ತಾರೆ. ಕೊನೆಗೆ ಉಳಿಯುವುದು 22. ಯಾವ ಕ್ಲಾಸೂ ಕೆಟ್ಟದಾಗಿ ನಡೆದಿಲ್ಲ, ಯಾವ ಮೇಷ್ಟ್ರೂ ತಪ್ಪು ಮಾಡಿಲ್ಲ, ಆದರೂ 78 ಜನ ದಾರಿಯಲ್ಲೇ ಕಳೆದುಹೋದರು. ನಡುವೆ ಕೆಲಸದ ಶಿಫ್ಟ್ ಬದಲಾಗುತ್ತದೆ, ಕ್ಲಾಸಿನ ಸಮಯ ಹೊಂದುವುದಿಲ್ಲ, ಮನೆಯಲ್ಲಿ ಯಾರಿಗೋ ಹುಷಾರು ತಪ್ಪುತ್ತದೆ. ಮೆಟ್ಟಿಲು ಹೆಚ್ಚಿದಷ್ಟೂ ಬಿಟ್ಟುಹೋಗಲು ಬಾಗಿಲು ಹೆಚ್ಚು.

ಅದೇ 100 ಜನರನ್ನು ನೇರ ಮೇಲಿನ ಕ್ಲಾಸಿಗೆ ಹಾಕಿ ಬರೀ 45 ಪಾಸಾದರೂ ಎರಡರಷ್ಟಾಯಿತು. ಎಬಿ 705ರ ವಾದವೆಲ್ಲ ಇಷ್ಟೇ. 'ನನ್ನ ಕ್ಲಾಸಿನಲ್ಲಿ ಪಾಸಾಗುವವರು ಕಡಿಮೆಯಾದರು' ಎನ್ನುವ ಮೇಷ್ಟ್ರ ಮಾತೂ ಸುಳ್ಳಲ್ಲ, 'ಒಟ್ಟು ಗಣಿತ ಮುಗಿಸಿದವರು ಹೆಚ್ಚಾದರು' ಎನ್ನುವುದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು.

ಜಿಪಿಎ ಯಾಕೆ ಟೆಸ್ಟಿಗಿಂತ ಚೆನ್ನಾಗಿ ಹೇಳುತ್ತದೆ ಎಂದರೆ, ಅದರಲ್ಲಿ ವರ್ಷಗಟ್ಟಲೆಯ ಹಾಜರಿ, ಹೋಂವರ್ಕ್, ಬಿದ್ದು ಎದ್ದು ಓದಿದ್ದು ಎಲ್ಲ ಸೇರಿರುತ್ತದೆ. ಟೆಸ್ಟು ಅಳೆಯುವುದು ಆ ಒಂದು ಬೆಳಿಗ್ಗೆ ಭಿನ್ನರಾಶಿ ನೆನಪಿದೆಯೇ ಎನ್ನುವುದನ್ನು. ಕೊಲಂಬಿಯಾ ವಿಶ್ವವಿದ್ಯಾಲಯದ ಕಮ್ಯುನಿಟಿ ಕಾಲೇಜ್ ರಿಸರ್ಚ್ ಸೆಂಟರಿನವರು 2012ರಿಂದಲೂ ಇದನ್ನೇ ತೋರಿಸಿದರು. ಅವರ ಲೆಕ್ಕದಲ್ಲಿ ಟೆಸ್ಟ್ ಬರೆದವರ ಪೈಕಿ ಗಣಿತದಲ್ಲಿ ಸುಮಾರು ಕಾಲು ಭಾಗ, ಇಂಗ್ಲಿಷಿನಲ್ಲಿ ಸುಮಾರು ಮೂರನೇ ಒಂದು ಭಾಗ ಗಂಭೀರವಾಗಿ ತಪ್ಪು ಜಾಗದಲ್ಲಿ ಕೂತಿದ್ದರು. ಕ್ಯಾಲಿಫೋರ್ನಿಯಾದಲ್ಲಂತೂ ಹಳೆಯ ಪದ್ಧತಿಯಲ್ಲಿ ಸೇರಿದವರಲ್ಲಿ 80 ಶೇಕಡಾ ಮಂದಿ ಒಂದಾದರೂ ರೆಮಿಡಿಯಲ್ (ಟ್ರಾನ್ಸ್‌ಫರ್ ಲೆವೆಲ್‌ಗಿಂತ ಕೆಳಗಿನ) ಕ್ಲಾಸ್ ತೆಗೆದುಕೊಳ್ಳುತ್ತಿದ್ದರು ಎಂದು ಪಿಪಿಐಸಿ ಎಂಬ ಸಂಶೋಧನಾ ಸಂಸ್ಥೆ 2016ರಲ್ಲಿ ಪ್ರಕಟಿಸಿತ್ತು.

ಸೀಮೆಯಾಚೆ

ಮೇಷ್ಟ್ರೇ, ಸಪೋರ್ಟ್ ಕ್ಲಾಸ್ ಎಂದರೆ ನಿಖರವಾಗಿ ಏನು? ಟ್ಯೂಷನ್ ಥರವೇ?

ಲೆಕ್ಕದ ಮೇಷ್ಟ್ರು

ಟ್ಯೂಷನ್ ಅಲ್ಲ. ಕೋರೆಕ್ವಿಸಿಟ್ ಎನ್ನುತ್ತಾರೆ. ಮುಖ್ಯ ಕ್ಲಾಸಿನ ಜತೆಗೇ, ಅದೇ ಸೆಮೆಸ್ಟರಿನಲ್ಲಿ ನಡೆಯುವ ಇನ್ನೊಂದು ಸಣ್ಣ ಕ್ಲಾಸು. ಸಾಮಾನ್ಯವಾಗಿ ಒಂದು ಎರಡು ಯೂನಿಟ್ (ಕ್ಲಾಸಿನ ತೂಕ ಅಳೆಯುವ ಕ್ರೆಡಿಟ್), ಹಲವು ಕಡೆ ಅದೇ ಮೇಷ್ಟ್ರು, ಮುಖ್ಯ ಕ್ಲಾಸಿಗೆ ಅಂಟಿಕೊಂಡ ಸಮಯ. ಆ ವಾರದ ಪಾಠಕ್ಕೆ ಬೇಕಾದ ಹಳೆಯ ಗಣಿತವನ್ನು ಆ ವಾರವೇ ತಿದ್ದುವುದು ಅದರ ಕೆಲಸ.

ಸ್ಟಾಟಿಸ್ಟಿಕ್ಸಿನ ಒಂದು ಉದಾಹರಣೆ. ಸರಾಸರಿ 65, ಸ್ಟ್ಯಾಂಡರ್ಡ್ ಡೀವಿಯೇಷನ್ 4, ವಿದ್ಯಾರ್ಥಿಯ ಅಂಕ 72. ಝಡ್ ಸ್ಕೋರ್, ಅಂದರೆ ಅಂಕವು ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರವಿದೆ ಎನ್ನುವುದು, ಎಷ್ಟು? 72ರಿಂದ 65 ಕಳೆದು 4ರಿಂದ ಭಾಗಿಸಬೇಕು, 1.75 ಬರಬೇಕು. ಕ್ಯಾಲ್ಕುಲೇಟರಿನಲ್ಲಿ ಆವರಣ ಹಾಕದೆ 72 - 65 ÷ 4 ಎಂದು ಒತ್ತಿದರೆ ಅದು ಮೊದಲು ಭಾಗಿಸಿ 55.75 ತೋರಿಸುತ್ತದೆ. ಝಡ್ ಸ್ಕೋರ್ 55 ಬರುವುದೇ ಇಲ್ಲ ಎನ್ನುವ ಅಂದಾಜು ಇರುವವನು ತಕ್ಷಣ ನಿಲ್ಲುತ್ತಾನೆ, ಇಲ್ಲದವನು ಅದನ್ನೇ ಟೇಬಲಿನಲ್ಲಿ ಹುಡುಕುತ್ತಾ ಕೂರುತ್ತಾನೆ. ಇಲ್ಲಿ ಕೊರತೆ ಸ್ಟಾಟಿಸ್ಟಿಕ್ಸಿನದಲ್ಲ, ಕ್ರಿಯೆಗಳ ಕ್ರಮದ್ದು. ಇದಕ್ಕೆ ಒಂದು ಸೆಮೆಸ್ಟರ್ ಆಲ್ಜಿಬ್ರಾ ಬೇಕಿಲ್ಲ, ಅವತ್ತೇ ಇಪ್ಪತ್ತು ನಿಮಿಷ ಸಾಕು. ಪಿ-ವ್ಯಾಲ್ಯೂ (ಸಾಮಾನ್ಯವಾಗಿ 0.05ಕ್ಕೆ ಹೋಲಿಸಿ ನೋಡುವ ಅಂಕಿ) ಬಂದಾಗಲೂ ಹಾಗೇ: 0.03 ಎನ್ನುವುದು 0.05ಕ್ಕಿಂತ ಚಿಕ್ಕದು ಎಂದು ಗೊತ್ತಿದ್ದವರೂ 0.3 ಬಂದಾಗ ಎಡವುತ್ತಾರೆ, ದಶಮಾಂಶದ ಸ್ಥಾನ ಮರೆತಿರುತ್ತದೆ.

ಸಪೋರ್ಟ್ ಕ್ಲಾಸ್ ಕೆಡುವುದು ಎಲ್ಲಿ ಎಂದರೆ, ಅದನ್ನು ಹೋಂವರ್ಕ್ ಮಾಡುವ ಗಂಟೆ ಮಾಡಿಬಿಟ್ಟಾಗ. ಇಲ್ಲವೇ ಹಳೆಯ ಆಲ್ಜಿಬ್ರಾ ಪುಸ್ತಕವನ್ನು ಮೊದಲ ಅಧ್ಯಾಯದಿಂದ ಶುರುಮಾಡಿದಾಗ. ಮುಖ್ಯ ಕ್ಲಾಸಿನಲ್ಲಿ ಹೈಪಾಥಿಸಿಸ್ ಟೆಸ್ಟ್ ನಡೆಯುತ್ತಿರುತ್ತದೆ, ಇಲ್ಲಿ ಅಪವರ್ತನ. ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಸೆಕ್ಷನ್ ಆರಿಸುವಾಗ 'ಎರಡಕ್ಕೂ ಮೇಷ್ಟ್ರು ಒಬ್ಬರೇನಾ' ಎಂದು ಕೇಳಿ. ಒಬ್ಬರೇ ಆದರೆ ಬಹುಪಾಲು ಈ ತೊಂದರೆ ಬರುವುದಿಲ್ಲ.

ಎಸ್‌ಜೆ ಗಣಿತ ಬಳಗ

ಸ್ಟಾಟಿಸ್ಟಿಕ್ಸಿನ ಮಟ್ಟಿಗೆ ಮೇಷ್ಟ್ರ ಮಾತು ಪೂರ್ತಿ ಒಪ್ಪುತ್ತೇನೆ. ಕ್ಯಾಲ್ಕುಲಸ್ ವಿಷಯದಲ್ಲಿ ಅಷ್ಟು ಸುಲಭವಿಲ್ಲ.

ಎಬಿ 705ರ ಮುಂದುವರಿಕೆಯಾದ ಎಬಿ 1705 ಕಾನೂನಿಗೆ ಗವರ್ನರ್ ನ್ಯೂಸಮ್ 2022ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದರು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿದ್ಯಾರ್ಥಿಗಳ ಕ್ಯಾಲ್ಕುಲಸ್ ಪ್ರವೇಶಕ್ಕೆ ಅದು ಕೊಟ್ಟ ಗಡುವು 2025ರ ಜುಲೈ 1. ಪ್ರಿಕ್ಯಾಲ್ಕುಲಸ್ ಕೊಡಬೇಕೆಂದರೆ ಅದರಿಂದ ಲಾಭವಿದೆ ಎಂದು ಕಾಲೇಜು ಅಂಕಿಅಂಶದಿಂದ ತೋರಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ಮೊದಲ ಕ್ಯಾಲ್ಕುಲಸ್‌ನಲ್ಲಿ ಮಕ್ಕಳು ಎಡವುವುದು ಕ್ಯಾಲ್ಕುಲಸ್‌ನಲ್ಲಲ್ಲ. ಎರಡನೇ ಮೂರನೇ ವಾರಕ್ಕೇ 1/ಎಕ್ಸ್‌ನ ಡೆರಿವೇಟಿವ್ ವ್ಯಾಖ್ಯೆಯಿಂದ ಕಂಡುಹಿಡಿ ಎನ್ನುತ್ತಾರೆ. 1/(ಎಕ್ಸ್+ಎಚ್) ಇದರಿಂದ 1/ಎಕ್ಸ್ ಕಳೆಯಬೇಕು. ಅರ್ಧ ಕ್ಲಾಸು 1/(ಎಕ್ಸ್+ಎಚ್) ಅನ್ನು 1/ಎಕ್ಸ್ + 1/ಎಚ್ ಎಂದು ಒಡೆಯುತ್ತದೆ. ಛೇದ ಒಂದು ಮಾಡಿದರೆ ಮೇಲೆ ಉಳಿಯುವುದು -ಎಚ್, ಕೆಳಗಿನ ಎಚ್ ಹೊಡೆದುಹೋಗುತ್ತದೆ, ಎಚ್ ಸೊನ್ನೆಗೆ ಹೋದಾಗ -1/ಎಕ್ಸ್² ಬರುತ್ತದೆ. ಇಲ್ಲಿ ಲಿಮಿಟ್ ಇರುವುದು ಕೊನೆಯ ಒಂದು ಸಾಲು, ಉಳಿದದ್ದೆಲ್ಲ ಭಿನ್ನರಾಶಿ. ಚೈನ್ ರೂಲ್, ತ್ರಿಕೋನಮಿತಿ ಬಂದ ಮೇಲೆ ಇದು ಇನ್ನೂ ಬಿಗಿಯಾಗುತ್ತದೆ.

ವಾರಕ್ಕೆ ಎರಡು ಗಂಟೆಯ ಸಪೋರ್ಟಿನಲ್ಲಿ ತ್ರಿಕೋನಮಿತಿ ಪೂರ್ತಿ ಕಟ್ಟಲಾಗುವುದಿಲ್ಲ. ಆದ್ದರಿಂದ ಎಂಜಿನಿಯರಿಂಗ್‌ಗೆ ಹೋಗುವ, ಪ್ರಿಕ್ಯಾಲ್ಕುಲಸ್ ಮಾಡದ ಮಕ್ಕಳಿಗೆ ನನ್ನ ಸಲಹೆ: ಬೇಸಿಗೆಯಲ್ಲಿ ನಾನ್-ಕ್ರೆಡಿಟ್ ಗಣಿತ ಕ್ಲಾಸು ಇದೆಯೇ ನೋಡಿ. ನಾನ್-ಕ್ರೆಡಿಟ್‌ಗೆ ಫೀಸಿಲ್ಲ, ಜಿಪಿಎಗೆ ಲೆಕ್ಕವಿಲ್ಲ. ಫಾಲ್‌ನಲ್ಲಿ ಸಪೋರ್ಟ್ ಸೇರಿದ ಕ್ಯಾಲ್ಕುಲಸ್ ಸೆಕ್ಷನ್ನೇ ತೆಗೆದುಕೊಳ್ಳಿ.

ಲೆಕ್ಕದ ಮೇಷ್ಟ್ರು

ಭಿನ್ನರಾಶಿಯ ವಿಷಯದಲ್ಲಿ ನೀವು ಹೇಳಿದ್ದು ಅಕ್ಷರಶಃ ಸರಿ. ನನ್ನ ಒಂದೇ ತಕರಾರು: ಪ್ರಿಕ್ಯಾಲ್ಕುಲಸ್ ಮಾಡಿ ಬಂದವರೂ ಅದೇ ಸಾಲಿನಲ್ಲಿ ಅದೇ ತಪ್ಪು ಮಾಡುತ್ತಾರೆ. ಒಂದು ಸೆಮೆಸ್ಟರ್ ಹಿಂದೆ ಕಲಿತ ಆಲ್ಜಿಬ್ರಾ, ಬಳಸುವ ಜಾಗ ಕಾಣದೆ ಕಲಿತದ್ದು, ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ. ಬೇಸಿಗೆಯ ನಾನ್-ಕ್ರೆಡಿಟ್ ಸಲಹೆ ಮಾತ್ರ ಬಹಳ ಒಳ್ಳೆಯದು, ಅದರಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ.

ಕೌನ್ಸೆಲಿಂಗ್ ಮೇಜು

ಮೊದಲ ಪ್ರಕರಣದ ಬಿಸಿನೆಸ್‌ಗೆ ಇದು ನೇರವಾಗಿ ತಾಗುತ್ತದೆ. ಬಿಸಿನೆಸ್ ಎಂದರೆ ಸ್ಟಾಟಿಸ್ಟಿಕ್ಸ್ ಒಂದೇ ಸಾಕು ಎಂದು ತಿಳಿಯಬೇಡಿ. ಯುಸಿಗಳ (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಬಿಸಿನೆಸ್, ಎಕನಾಮಿಕ್ಸ್‌ಗೆ ಸಾಮಾನ್ಯವಾಗಿ ಕ್ಯಾಲ್ಕುಲಸ್ ಬೇಕು, ಸಿಎಸ್‌ಯುಗಳಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ) ಹಲವು ಕಡೆ ಬಿಸಿನೆಸ್ ಕ್ಯಾಲ್ಕುಲಸ್ ನಡೆಯುತ್ತದೆ. ಅಸಿಸ್ಟ್ ಎಂಬ ಸರ್ಕಾರಿ ತಾಣದಲ್ಲಿ ನಿಮ್ಮ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ಮೇಜರ್ (ಪದವಿಯ ಮುಖ್ಯ ವಿಷಯ) ಮೂರನ್ನೂ ಹಾಕಿದರೆ ಯಾವ ಕ್ಲಾಸಿಗೆ ಯಾವುದು ಸಮ ಎಂಬ ಪಟ್ಟಿ ಬರುತ್ತದೆ. ಪ್ಲೇಸ್‌ಮೆಂಟ್ ಕೇಳುವ ಮೊದಲು ಆ ಪಟ್ಟಿ ನೋಡಿ. ಗಣಿತದ ದಾರಿ ತೀರ್ಮಾನವಾಗುವುದು ಜಿಪಿಎಯಿಂದ ಎಷ್ಟೋ ಮೇಜರಿನಿಂದಲೂ ಅಷ್ಟೇ.

ದಾವಣಗೆರೆ ಬೆಣ್ಣೆ

ಎರಡನೇ ಪ್ರಕರಣಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಪಿಯುಸಿ ಮಾಡಿದವರಿಗೆ ಜಿಪಿಎ ಎಲ್ಲಿಂದ ತರುವುದು? ಶೇಕಡಾ 82 ಇದ್ದರೆ 25ರಿಂದ ಭಾಗಿಸಿ 3.28 ಹಾಕಬಹುದೇ?

ಕೌನ್ಸೆಲಿಂಗ್ ಮೇಜು

ದಯವಿಟ್ಟು ಹಾಗೆ ಹಾಕಬೇಡಿ. ಕರ್ನಾಟಕದ 82 ಶೇಕಡಾಕ್ಕೂ ಅಮೆರಿಕದ 3.28ಕ್ಕೂ ಸಂಬಂಧವಿಲ್ಲ. ಡೀಫಾಲ್ಟ್ ನಿಯಮದ ಗೆರೆಗಳನ್ನು ಎಳೆದಿರುವುದು ಇಲ್ಲಿನ ಹೈಸ್ಕೂಲ್ ದಾಖಲೆಗಳ ಮೇಲೆ. ಹೊರದೇಶದಲ್ಲಿ ಓದಿದವರಿಗೆ, ದಾಖಲೆ ಸಿಗದವರಿಗೆ, ಓದಿ ಬಹಳ ವರ್ಷವಾದವರಿಗೆ ಬೇರೆ ಬಾಗಿಲಿದೆ: ಗೈಡೆಡ್ ಸೆಲ್ಫ್ ಪ್ಲೇಸ್‌ಮೆಂಟ್. ಕಾಲೇಜಿನ ತಾಣದಲ್ಲಿ ಪ್ರಶ್ನಾವಳಿ ಇರುತ್ತದೆ. ಯಾವ ಗಣಿತ ಓದಿದ್ದೀರಿ, ಯಾವ ಭಾಷೆಯಲ್ಲಿ ಓದಿದ್ದೀರಿ, ಏನು ಓದಬೇಕೆಂದಿದ್ದೀರಿ ಎಂದು ಕೇಳಿ, ಕ್ಲಾಸುಗಳ ವಿವರ ತೋರಿಸಿ, ನೀವೇ ಆರಿಸಿಕೊಳ್ಳಿ ಎನ್ನುತ್ತಾರೆ. ಅದರಲ್ಲಿ ಲೆಕ್ಕ ಮಾಡಿಸುವ ಹಾಗಿಲ್ಲ, ಪ್ರಬಂಧ ಬರೆಸುವ ಹಾಗಿಲ್ಲ. ಆ ನೆಪದಲ್ಲಿ ಟೆಸ್ಟ್ ಹಿಂದಿನ ಬಾಗಿಲಿನಿಂದ ಬರಬಾರದು ಎಂದೇ ಹಾಗೆ ಮಾಡಿದ್ದಾರೆ.

ನರ್ಸಿಂಗ್‌ಗೆ ಗಣಿತವೆಂದರೆ ಬಹುತೇಕ ಸ್ಟಾಟಿಸ್ಟಿಕ್ಸ್. 2025ರ ಫಾಲ್‌ನಿಂದ ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಸಂಖ್ಯೆ ಬಂದಿದೆ: ಸ್ಟಾಟ್ ಸಿ1000. ಇಂಗ್ಲಿಷ್‌ಗೆ ಇಂಗ್ಲ್ ಸಿ1000. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ 'ನಿಮ್ಮಲ್ಲಿ ಇದು ಯಾವುದಕ್ಕೆ ಸಮ' ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪಿಸಿಎಂಬಿ ಮಾಡಿದವರು ಸ್ಟಾಟಿಸ್ಟಿಕ್ಸಿಗೆ ಹೆದರಬೇಕಿಲ್ಲ. ದ್ವಿತೀಯ ಪಿಯು ಗಣಿತದಲ್ಲಿ ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಡಿಫರೆನ್ಷಿಯಲ್ ಈಕ್ವೇಷನ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಎಲ್ಲ ಇವೆ. ಇಲ್ಲಿನ ಹೈಸ್ಕೂಲ್ ಕ್ಯಾಲ್ಕುಲಸ್‌ಗೆ ಅದು ಕಮ್ಮಿಯಲ್ಲ. ಪ್ರಶ್ನಾವಳಿಯಲ್ಲಿ 'ಕ್ಯಾಲ್ಕುಲಸ್ ಓದಿದ್ದೀರಾ' ಎಂದರೆ 'ನಮ್ಮಲ್ಲಿ ಆ ಹೆಸರಿನ ಸಬ್ಜೆಕ್ಟ್ ಇರಲಿಲ್ಲ' ಎಂದು ಇಲ್ಲ ಎಂದು ಬರೆಯುವವರು ಬಹಳ. ಹೌದು ಎಂದೇ ಬರೆಯಿರಿ, ಓದಿದ್ದೀರಿ.

ಕನ್ನಡ ಮೇಡಂ

ಇಂಗ್ಲಿಷಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ನಿಜವಾದ ಆಯ್ಕೆ ಇರುವುದು ಇಎಸ್‌ಎಲ್ (ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ಕ್ಲಾಸು) ಮತ್ತು ಇಂಗ್ಲ್ ಸಿ1000 ನಡುವೆ. ಇಎಸ್‌ಎಲ್ ದಾರಿಯಲ್ಲಿ ಟ್ರಾನ್ಸ್‌ಫರ್ ಲೆವೆಲ್ ಇಂಗ್ಲಿಷ್ ಮುಗಿಸಲು ಕಾನೂನು ಇಟ್ಟಿರುವ ಗುರಿ ಮೂರು ವರ್ಷ, ಉಳಿದವರಿಗೆ ಒಂದು ವರ್ಷ. ಇಎಸ್‌ಎಲ್ ಅವಮಾನವಲ್ಲ, ಅದು ಬೇರೆ ಭಾಷೆಯಲ್ಲಿ ಬೆಳೆದವರಿಗಾಗಿಯೇ ಕಟ್ಟಿದ ಪಾಠ. ಆದರೆ ಬೇಕಿಲ್ಲದವರು ಹಿಂಜರಿಕೆಯಿಂದ ಅಲ್ಲಿ ಕೂತರೆ ಎರಡು ವರ್ಷ ಹೋಗುತ್ತದೆ.

ತೂಗಿ ನೋಡಲು ಒಂದು ದಾರಿ ಹೇಳುತ್ತೇನೆ. ಇಂಗ್ಲಿಷ್ ಪತ್ರಿಕೆಯ ಎರಡು ಪುಟದ ಅಭಿಪ್ರಾಯ ಲೇಖನ ತೆಗೆದುಕೊಳ್ಳಿ. ನಿಘಂಟು ನಾಲ್ಕೈದು ಸಲಕ್ಕಿಂತ ಹೆಚ್ಚು ತೆರೆಯದೆ ಓದಿ, ಲೇಖಕರ ವಾದವನ್ನು ಆರು ಸಾಲಿನಲ್ಲಿ ಬರೆಯಿರಿ, ನೀವು ಎಲ್ಲಿ ಒಪ್ಪುವುದಿಲ್ಲ ಎಂದು ಇನ್ನು ಆರು ಸಾಲು ಬರೆಯಿರಿ. ಮುಕ್ಕಾಲು ಗಂಟೆಯಲ್ಲಿ ಇದು ಆದರೆ ಸಪೋರ್ಟ್ ಕ್ಲಾಸಿನ ಜತೆ ಸಿ1000 ತೆಗೆದುಕೊಳ್ಳಿ. ವ್ಯಾಕರಣದ ತಪ್ಪು ನಾಲ್ಕಾರು ಇದ್ದರೂ ಚಿಂತೆಯಿಲ್ಲ. ಓದುವುದೇ ಕಷ್ಟವಾದರೆ ಇಎಸ್‌ಎಲ್‌ನ ಮೇಲಿನ ಮೆಟ್ಟಿಲಿಗೆ ಸೇರಿ.

ನಮ್ಮ ಕಡೆಯಿಂದ ಬಂದವರು ಸಿ1000ರಲ್ಲಿ ಎಡವುವುದು ವ್ಯಾಕರಣದಲ್ಲಲ್ಲ. ಪಿಯುಸಿ ಇಂಗ್ಲಿಷಿನಲ್ಲಿ ಪಾಠದ ಸಾರಾಂಶ ಬರೆದರೆ ಪೂರ್ತಿ ಅಂಕ. ಇಲ್ಲಿ ಸಾರಾಂಶಕ್ಕೆ ಅಂಕವಿಲ್ಲ. ಮೊದಲ ಪ್ಯಾರಾದಲ್ಲೇ ನಿಮ್ಮ ನಿಲುವು ಬೇಕು, ಪ್ರತಿ ಪ್ಯಾರಾದಲ್ಲಿ ಅದಕ್ಕೆ ಆಧಾರ ಬೇಕು, ಆಧಾರ ಎಲ್ಲಿಂದ ತಂದಿರಿ ಎಂದು ಎಂಎಲ್‌ಎ ಎಂಬ ಆಕರ ನಮೂದಿಸುವ ಪದ್ಧತಿಯಲ್ಲಿ ಹೇಳಬೇಕು. ಪುಸ್ತಕದ ವಾಕ್ಯವನ್ನು ಹಾಗೇ ಬರೆದರೆ ಅಲ್ಲಿ ಚೆನ್ನಾಗಿ ಓದಿದ್ದಾರೆ ಎನ್ನುತ್ತಾರೆ, ಇಲ್ಲಿ ಅದು ಕೃತಿಚೌರ್ಯ, ಸೊನ್ನೆ ಬರುತ್ತದೆ. ಇದನ್ನು ಮೊದಲ ವಾರವೇ ತಿಳಿದುಕೊಂಡರೆ ಅರ್ಧ ಗೆದ್ದಂತೆ.

ಹೂಸ್ಟನ್ನಿಂದ

ಟೆಕ್ಸಸ್‌ನಲ್ಲಿರುವವರು ಇದನ್ನು ಓದಿ ಟೆಸ್ಟಿಲ್ಲ ಎಂದುಕೊಳ್ಳದಿರಲಿ. ಇಲ್ಲಿ ಟಿಎಸ್‌ಐ ಎಂಬ ಪರೀಕ್ಷೆ ಇದೆ, 2021ರಿಂದ ಅದರ ಎರಡನೇ ಆವೃತ್ತಿ. ಗಣಿತಕ್ಕೆ 950, ಇಂಗ್ಲಿಷಿಗೆ 945 ಮತ್ತು ಪ್ರಬಂಧದಲ್ಲಿ 5 ಬಂದರೆ ಕಾಲೇಜಿಗೆ ಸಿದ್ಧ ಎಂದು ಲೆಕ್ಕ. ಎಸ್‌ಎಟಿಯಲ್ಲಿ ಇಂಗ್ಲಿಷ್ 480, ಗಣಿತ 530 ಇದ್ದರೆ ವಿನಾಯಿತಿ. ಬರದಿದ್ದರೂ 2017ರ ಕಾನೂನಿನ ನಂತರ ಹೆಚ್ಚಿನವರನ್ನು ಕೋರೆಕ್ವಿಸಿಟ್ ಜತೆ ಕಾಲೇಜ್ ಕ್ಲಾಸಿಗೇ ಹಾಕುತ್ತಾರೆ. ಇಲ್ಲಿ ಮಾತ್ರ ಟೆಸ್ಟಿಗೆ ಎರಡು ವಾರ ಓದಿಕೊಂಡು ಹೋಗುವುದು ಸಾರ್ಥಕ. ಕ್ಯಾಲ್ಕುಲೇಟರ್ ಇಲ್ಲದೆ ಭಿನ್ನರಾಶಿ, ಶೇಕಡಾ, ರೇಖಾ ಸಮೀಕರಣ ತಿದ್ದಿಕೊಳ್ಳಿ.

ಬೇ ಏರಿಯಾ ಓದುಗ

ಎಲ್ಲರಿಗೂ ಬಹಳ ಧನ್ಯವಾದ. ಕೊನೆಯದೊಂದು: ರಿಜಿಸ್ಟ್ರೇಷನ್ ದಿನ ಏನೇನು ಕೈಕೊಡಬಹುದು?

ಕೌನ್ಸೆಲಿಂಗ್ ಮೇಜು

ಪದೇ ಪದೇ ಕಾಣುವ ನಾಲ್ಕು ವಿಷಯ ಹೇಳುತ್ತೇನೆ.

ಸಪೋರ್ಟ್ ಇರುವ ಸೆಕ್ಷನ್ನಿಗೆ ಎರಡು ಕ್ಲಾಸ್ ನಂಬರ್ ಇರುತ್ತದೆ. ಎರಡನ್ನೂ ಒಟ್ಟಿಗೆ ಕಾರ್ಟಿಗೆ ಹಾಕಿ ಒಂದೇ ಸಲ ಸಬ್ಮಿಟ್ ಮಾಡಬೇಕು. ಒಂದೊಂದಾಗಿ ಹಾಕಿದರೆ ಎರಡೂ ತಿರಸ್ಕಾರವಾಗುತ್ತವೆ, ಅಷ್ಟರಲ್ಲಿ ಸೀಟು ಹೋಗಿರುತ್ತದೆ. ಹಾಗೇ ಒಂದನ್ನು ಡ್ರಾಪ್ ಮಾಡಿದರೆ ಇನ್ನೊಂದೂ ಹೋಗಬಹುದು, ನೋಡಿಕೊಂಡು ಒತ್ತಿ.

ಪ್ರಿರಿಕ್ವಿಸಿಟ್ (ಮೊದಲೇ ಮುಗಿಸಿರಬೇಕಾದ ಕ್ಲಾಸು) ಇಲ್ಲ ಎಂದು ತಡೆ ಬಿದ್ದರೆ 'ಪ್ರಿರಿಕ್ವಿಸಿಟ್ ಚಾಲೆಂಜ್' ಅರ್ಜಿ ಹಾಕುವ ಹಕ್ಕು ನಿಮಗಿದೆ. ಸೀಟು ಇದ್ದರೆ ಕಾಲೇಜು ಅದನ್ನು 5 ಕೆಲಸದ ದಿನದೊಳಗೆ ತೀರ್ಮಾನಿಸಬೇಕು. ಪಿಯುಸಿ ಅಂಕಪಟ್ಟಿ, ಸಿಲಬಸ್ ಪುಟ ಸ್ಕ್ಯಾನ್ ಮಾಡಿ ಜತೆಗಿಡಿ.

ಯಾರಾದರೂ 'ಸುರಕ್ಷಿತವಾಗಿ ಆಲ್ಜಿಬ್ರಾದಿಂದ ಶುರುಮಾಡಿ' ಎಂದರೆ, 'ಇದು ಟ್ರಾನ್ಸ್‌ಫರ್ ಆಗುತ್ತದೆಯೇ, ನನ್ನ ಮೇಜರಿಗೆ ಬೇಕೇ' ಎಂದು ಕೇಳಿ. ಎರಡಕ್ಕೂ ಇಲ್ಲ ಎಂದರೆ ಆ ಕ್ಲಾಸು ನಿಮಗೆ ಬೇಡ.

ಗಂಟೆ ಲೆಕ್ಕ ಹಾಕಿ. ಒಂದು ಯೂನಿಟ್ಟಿಗೆ ಸೆಮೆಸ್ಟರಿನಲ್ಲಿ ಕ್ಲಾಸು, ಓದು ಸೇರಿ ಸುಮಾರು 48ರಿಂದ 54 ಗಂಟೆ ಕೆಲಸ. 4 ಯೂನಿಟ್ ಸ್ಟಾಟಿಸ್ಟಿಕ್ಸ್, 1 ಯೂನಿಟ್ ಸಪೋರ್ಟ್ ಎಂದರೆ 16 ವಾರಕ್ಕೆ ವಾರವೊಂದಕ್ಕೆ ಸುಮಾರು 15ರಿಂದ 17 ಗಂಟೆ. ಇಂಗ್ಲಿಷ್, ಗಣಿತ ಎರಡನ್ನೂ ಸಪೋರ್ಟ್ ಸಮೇತ ಮೊದಲ ಸೆಮೆಸ್ಟರಿಗೇ ಹಾಕಿ, ಮೇಲೆ 25 ಗಂಟೆ ಕೆಲಸಕ್ಕೂ ಹೋಗುವವರು ಆರನೇ ವಾರಕ್ಕೆ ಸೋಲುತ್ತಾರೆ. ಕಾನೂನು ಕೇಳುವುದು ಒಂದು ವರ್ಷ. ಇಂಗ್ಲಿಷ್ ಫಾಲ್‌ನಲ್ಲಿ, ಗಣಿತ ಸ್ಪ್ರಿಂಗ್‌ನಲ್ಲಿ ತೆಗೆದುಕೊಂಡರೂ ವರ್ಷದೊಳಗೇ ಮುಗಿಯಿತು.

ಬೇ ಏರಿಯಾ ಓದುಗ

ಪಿಯುಸಿ ಅಂಕಪಟ್ಟಿಯ ಮೂಲ ಪ್ರತಿ ಊರಿನಲ್ಲಿದೆ. ಚಾಲೆಂಜ್ ಅರ್ಜಿಗೆ ಫೋಟೋ ನಡೆಯುತ್ತದೆಯೇ?

ಕೌನ್ಸೆಲಿಂಗ್ ಮೇಜು

ಪ್ಲೇಸ್‌ಮೆಂಟಿಗೆ ಸ್ಪಷ್ಟ ಸ್ಕ್ಯಾನ್ ಬಹುತೇಕ ಕಡೆ ನಡೆಯುತ್ತದೆ. ಎರಡೂ ಬದಿ ತೆಗೆಯಲು ಹೇಳಿ, ರಿಜಿಸ್ಟರ್ ನಂಬರ್, ವರ್ಷ ಓದುವಂತಿರಲಿ. ಭಾರತದಲ್ಲಿ ಡಿಗ್ರಿಯನ್ನೂ ಓದಿದ್ದು ಅದಕ್ಕೆ ಇಲ್ಲಿ ಕ್ರೆಡಿಟ್ ಬೇಕಾದರೆ ಮಾತ್ರ ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸಿ, ಇವ್ಯಾಲ್ಯುಯೇಷನ್ ಸಂಸ್ಥೆಗೆ ಕಳಿಸಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು, ಹಾಗಾಗಿ ಅದು ಬರುವವರೆಗೆ ಕಾಯುತ್ತಾ ಕೂರದೆ ಸೆಲ್ಫ್ ಪ್ಲೇಸ್‌ಮೆಂಟ್ ಈಗಲೇ ಮುಗಿಸಿಕೊಳ್ಳಿ.